ಕರುಳಿನ ಉರಿಯೂತ ಕೆರಳಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ ಇರುವವರು, ಅವರ ಮನೆಯವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳು ಇವು. ಆಸ್ಪತ್ರೆಯಲ್ಲಿ ಸರದಿಗೆ ಕಾಯುವಾಗ, ಫೋನಿನಲ್ಲಿ, ಪತ್ರಗಳಲ್ಲಿ ಕೇಳಿದ್ದನ್ನು ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ, ಕೊಲೈಟಿಸ್ ಇಟ್ಟುಕೊಂಡು ಬೆಂಗಳೂರಿನಲ್ಲಿ ಬದುಕುತ್ತಿರುವವಳು. ಯಾವ ಮಾತ್ರೆ, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಅವರ ಮುಂದೆ ಕೂತಾಗ ಏನು ಹೇಳಬೇಕು, ಯಾವುದನ್ನು ಮುಚ್ಚಿಡಬಾರದು, ಯಾವಾಗ ತಡ ಮಾಡಬಾರದು ಅನ್ನುವುದು ನಮ್ಮ ಕೈಯಲ್ಲಿದೆ. ನಾಚಿಕೆಯಿಂದ ತಿಂಗಳುಗಟ್ಟಲೆ ಸುಮ್ನಿದ್ದು ನರಳಿದವರನ್ನು ಬಹಳ ನೋಡಿದ್ದೇನೆ. ಅದಕ್ಕೇ ಇಷ್ಟು ಬಿಡಿಸಿ ಬರೆದಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಡಾಕ್ಟರು ಐಬಿಡಿ ಅಂದ್ರು. ನಮ್ಮ ಅಕ್ಕನಿಗೆ ಐಬಿಎಸ್ ಇದೆ. ಎರಡೂ ಒಂದೇ ತಾನೇ?

ಒಂದೇ ಅಲ್ಲ. ಐಬಿಎಸ್‌ನಲ್ಲಿ (ಇರಿಟಬಲ್ ಬವೆಲ್ ಸಿಂಡ್ರೋಮ್) ಕರುಳು ಕೆಲಸ ಮಾಡುವ ರೀತಿ ಏರುಪೇರಾಗಿರುತ್ತದೆ, ಆದರೆ ಒಳಗೆ ಹುಣ್ಣು ಇರುವುದಿಲ್ಲ. ಐಬಿಡಿಯಲ್ಲಿ (ಇನ್‌ಫ್ಲಮೇಟರಿ ಬವೆಲ್ ಡಿಸೀಸ್, ಅಂದರೆ ಕರುಳಿನ ಉರಿಯೂತದ ಕಾಯಿಲೆ) ಕರುಳಿನ ಗೋಡೆಯೇ ಊದಿಕೊಂಡು, ಕೆಂಪಾಗಿ, ಹುಣ್ಣಾಗಿರುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೇ ತಿರುಗಿಬಿದ್ದಿರುತ್ತದೆ.

ಐಬಿಡಿಯಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಬರುತ್ತದೆ. ಗುದದ್ವಾರದ ಹತ್ತಿರ ಶುರುವಾಗಿ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ. ಒಳಪದರವನ್ನು ಮಾತ್ರ ಕೆಡಿಸುತ್ತದೆ. ಕ್ರೋನ್ಸ್ ಹಾಗಲ್ಲ. ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ, ಅಲ್ಲೊಂದು ಇಲ್ಲೊಂದು ತೇಪೆಯಾಗಿ ಬರಬಹುದು, ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯಬಹುದು. ಸಣ್ಣ ಕರುಳು ಮುಗಿಯುವ ತುದಿ ಅದಕ್ಕೆ ಇಷ್ಟದ ಜಾಗ.

ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ತೂಕ ಇಳಿಯುವುದು, ರಕ್ತಹೀನತೆ ಇವುಗಳಲ್ಲಿ ಯಾವುದಾದರೂ ಇದ್ದರೆ ಅದನ್ನು ಬರೀ ಐಬಿಎಸ್ ಎಂದುಕೊಂಡು ಕೂರಬೇಡಿ.

ಫ್ಲೇರ್ ಅಂದ್ರೆ ಏನು? ಒಳಗೆ ಏನಾಗ್ತಿರುತ್ತೆ?

ತಣ್ಣಗಿದ್ದ ಕಾಯಿಲೆ ಮತ್ತೆ ಕೆರಳುವುದಕ್ಕೆ ಫ್ಲೇರ್ ಅನ್ನುತ್ತಾರೆ. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಹೀರಿಕೊಳ್ಳುವುದು. ಒಳಪದರ ತರಚಿದ ಮೊಣಕೈ ಹಾಗೆ ಹಸಿಯಾಗಿದ್ದರೆ ನೀರು ಹೀರುವುದಕ್ಕಾಗುವುದಿಲ್ಲ, ಹಾಗಾಗಿ ಭೇದಿ. ಹಸಿ ಜಾಗದಿಂದ ರಕ್ತ ಒಸರುತ್ತದೆ, ಲೋಳೆ ಸುರಿಯುತ್ತದೆ, ಪ್ರೋಟೀನ್ ಸೋರಿಹೋಗುತ್ತದೆ. ನೀವು ಊಟ ಸರಿಯಾಗಿ ಮಾಡುತ್ತಿದ್ದರೂ ಸೊರಗುವುದು ಇದರಿಂದಲೇ.

ಯಾಕೆ ಕೆರಳಿತು ಅಂತ ಎಷ್ಟೋ ಸಲ ಗೊತ್ತಾಗುವುದೇ ಇಲ್ಲ. ಗೊತ್ತಿರುವ ಕಾರಣಗಳಲ್ಲಿ ದೊಡ್ಡದು ಮಾತ್ರೆ ಬಿಟ್ಟಿದ್ದು. ಆಮೇಲೆ ಹೊಟ್ಟೆಯ ಸೋಂಕು, ಕೆಲವು ನೋವಿನ ಮಾತ್ರೆ, ಆಂಟಿಬಯಾಟಿಕ್, ಕ್ರೋನ್ಸ್ ಇರುವವರಿಗೆ ಬೀಡಿ ಸಿಗರೇಟು.

ರಕ್ತ ಬರ್ತಿದೆ. ಅಜ್ಜಿ ಉಷ್ಣ ಅಂತಾರೆ, ಮೆಡಿಕಲ್ ಶಾಪಲ್ಲಿ ಪೈಲ್ಸ್ ಅಂತಾರೆ. ಯಾರನ್ನ ನಂಬೋದು?

ಇಬ್ಬರನ್ನೂ ಬಿಟ್ಟು ಡಾಕ್ಟರಿಗೆ ತೋರಿಸಿ. ನಾನು ತುಂಬಾ ಒತ್ತಿ ಹೇಳುವ ಮಾತು ಇದು. ನಮ್ಮಲ್ಲಿ ರಕ್ತ ಕಂಡರೆ ಮೊದಲು ಮಜ್ಜಿಗೆ, ಮೆಂತ್ಯ, ಎಳನೀರು. ಆಮೇಲೆ ಗೋಡೆಯ ಮೇಲೆ ‘ಮೂಲವ್ಯಾಧಿಗೆ ಒಂದೇ ದಿನದಲ್ಲಿ ಪರಿಹಾರ’ ಎಂದು ಬರೆಸಿದವರ ಹತ್ತಿರ ಓಟ. ಇಷ್ಟರಲ್ಲಿ ಅಮೂಲ್ಯವಾದ ಸಮಯ ಹೋಗಿಬಿಟ್ಟಿರುತ್ತದೆ.

ಪೈಲ್ಸ್‌ನಲ್ಲಿ ಸಾಮಾನ್ಯವಾಗಿ ಮಲ ಗಟ್ಟಿಯಾಗಿರುತ್ತದೆ. ತಿಳಿ ಕೆಂಪು ರಕ್ತ ಕೊನೆಯಲ್ಲಿ ತೊಟ್ಟಿಕ್ಕುತ್ತದೆ ಅಥವಾ ಮಲದ ಮೇಲೆ ಗೆರೆಯಾಗಿ ಕಾಣುತ್ತದೆ. ಕೊಲೈಟಿಸ್‌ನಲ್ಲಿ ರಕ್ತ ಮಲದ ಜೊತೆ, ಲೋಳೆಯ ಜೊತೆ ಬೆರೆತಿರುತ್ತದೆ. ದಿನಕ್ಕೆ ಹಲವು ಸಲ ಹೋಗಬೇಕಾಗುತ್ತದೆ, ಹೋಗುವ ಮುಂಚೆ ಹೊಟ್ಟೆ ನುಲಿಯುತ್ತದೆ. ಆದರೆ ಇದನ್ನೋದಿ ನೀವೇ ತೀರ್ಮಾನಿಸಬೇಡಿ. ಎರಡೂ ಒಬ್ಬರಿಗೇ ಇರಬಹುದು. ಗುದದ್ವಾರದ ಮೂಲಕ ದುರ್ಬೀನು ಹಾಕಿ ನೋಡುವ ಕೊಲೊನೋಸ್ಕೋಪಿಯಿಂದ ಮಾತ್ರ ಖಚಿತ. ಪೂರ್ತಿ ಕೊಲೊನೋಸ್ಕೋಪಿ ಬೇಡವೆನಿಸಿದರೆ ಕೆಳಭಾಗವನ್ನಷ್ಟೇ ನೋಡುವ ಸಿಗ್ಮಾಯ್ಡೋಸ್ಕೋಪಿಯೂ ಇದೆ.

ಖಾಸಗಿಯಲ್ಲಿ ತೋರಿಸಲು ಕಷ್ಟವಾದವರಿಗೆ ಒಂದು ಮಾತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹೊಟ್ಟೆ ಮತ್ತು ಕರುಳಿನ ಕಾಯಿಲೆಗಳಿಗೆಂದೇ ಸರ್ಕಾರಿ ಸಂಸ್ಥೆ ಇದೆ. ಹೋಗುವಾಗ ರೇಷನ್ ಕಾರ್ಡು, ಆಧಾರ್, ಹಳೇ ರಿಪೋರ್ಟುಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.

ಹೋಗಿ ಬಂದು ಕೂತಿರಲ್ಲ, ಮತ್ತೆ ಅರ್ಜೆಂಟು. ಹೋದ್ರೆ ಒಂಚೂರು ಲೋಳೆ ಅಷ್ಟೇ. ಯಾಕೆ ಹೀಗೆ?

ಮಲ ಬಂದು ನಿಲ್ಲುವ ಕೊನೆಯ ಭಾಗ ಊದಿಕೊಂಡಾಗ ಹೀಗಾಗುತ್ತದೆ. ಆ ಭಾಗ ಸಡಿಲವಾಗಿ ಹಿಗ್ಗಬೇಕು. ಉರಿಯೂತವಿದ್ದಾಗ ಅದು ಬಿಗಿಯಾಗಿ, ಸೂಕ್ಷ್ಮವಾಗಿಬಿಟ್ಟಿರುತ್ತದೆ. ಸ್ವಲ್ಪ ಲೋಳೆ ಸೇರಿದರೂ, ಗಾಳಿ ತುಂಬಿದರೂ ‘ಈಗಲೇ ಹೋಗು’ ಎಂದು ಅವಸರಿಸುತ್ತದೆ. ಏನೂ ಇಲ್ಲದಿದ್ದರೂ ತಿಣುಕುವಂತಾಗುತ್ತದೆ.

ಡಾಕ್ಟರ ಮುಂದೆ ಬಹಳ ಜನ ಇದನ್ನೂ ಸೇರಿಸಿ ‘ಲೂಸ್ ಮೋಷನ್’ ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಬಿಡಿಸಿ ಹೇಳಿ. ಎಷ್ಟು ಸಲ ಮಲ ಬಂತು, ಎಷ್ಟು ಸಲ ಬರೀ ಲೋಳೆ ಅಥವಾ ರಕ್ತ, ರಾತ್ರಿ ಎಷ್ಟು ಸಲ ಎದ್ದಿರಿ, ತಡೆದುಕೊಳ್ಳಲು ಎಷ್ಟು ಹೊತ್ತು ಆಗುತ್ತದೆ, ಬಟ್ಟೆಯಲ್ಲಿ ಆಗಿಹೋಯಿತಾ. ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಕಾಯಿಲೆ ಎಲ್ಲಿ ಜಾಸ್ತಿ ಇದೆ ಅನ್ನುವ ಸುಳಿವು ಸಿಗುತ್ತದೆ, ಕೆಳಗಿನಿಂದ ಹಾಕುವ ಔಷಧಿ ಬೇಕಾ ಅನ್ನುವುದೂ ತಿಳಿಯುತ್ತದೆ.

ನನಗೆ ಭೇದಿನೇ ಇಲ್ಲ, ಮಲಬದ್ಧತೆ. ಆದ್ರೂ ಕೊಲೈಟಿಸ್ ಕೆರಳಿದೆ ಅಂತಾರೆ!

ಆಗಬಹುದು. ಕಾಯಿಲೆ ಕೊನೆಯ ಗೇಣಿನಷ್ಟು ಭಾಗದಲ್ಲಿ ಮಾತ್ರ ಇದ್ದರೆ, ಅದರ ಮೇಲಿನ ಕರುಳು ನಿಧಾನವಾಗಿ ಮಲ ಅಲ್ಲೇ ಕಟ್ಟಿಕೊಳ್ಳುತ್ತದೆ. ಆಗ ಗಟ್ಟಿ ಮಲ, ಜೊತೆಗೆ ರಕ್ತ, ಲೋಳೆ. ಪೈಲ್ಸ್ ಎಂದು ತಪ್ಪು ತಿಳಿಯುವುದು ಇಂಥವರಲ್ಲೇ ಹೆಚ್ಚು.

ನೋವು ಒಬ್ಬೊಬ್ಬರಿಗೆ ಒಂದೊಂದು ಕಡೆ ಯಾಕೆ?

ಕಾಯಿಲೆ ಇರುವ ಜಾಗದ ಮೇಲೆ ಹೋಗುತ್ತದೆ. ಕೊಲೈಟಿಸ್‌ನಲ್ಲಿ ಸಾಮಾನ್ಯವಾಗಿ ಕೆಳಹೊಟ್ಟೆಯ ಎಡಗಡೆ ನುಲಿದು, ಹೋಗಿ ಬಂದ ಮೇಲೆ ಸ್ವಲ್ಪ ಹಗುರಾಗುತ್ತದೆ. ಕ್ರೋನ್ಸ್‌ನಲ್ಲಿ ಕೆಳಹೊಟ್ಟೆಯ ಬಲಗಡೆ ನೋವು ಹೆಚ್ಚು, ಅಪೆಂಡಿಕ್ಸ್ ಅನ್ನುವ ಅನುಮಾನವೂ ಬರುತ್ತದೆ.

ಊಟವಾದ ಮೇಲೆ ಹೊಟ್ಟೆ ಉಬ್ಬಿ, ಗುಡುಗುಡು ಸದ್ದಾಗಿ, ಅಲೆಅಲೆಯಾಗಿ ನೋವು ಬಂದು, ವಾಂತಿಯಾದರೆ ಕರುಳು ಎಲ್ಲೋ ಕಿರಿದಾಗಿದೆ ಅನ್ನುವ ಸೂಚನೆ ಇರಬಹುದು. ಜೊತೆಗೆ ಮಲವೂ ಗಾಳಿಯೂ ಹೋಗುವುದು ನಿಂತರೆ ಅದು ತುರ್ತು.

## ಕೆರಳಿರುವ ದಿನಗಳಲ್ಲಿ

ಯಾವ ಹಂತದಲ್ಲಿ ಮನೇಲಿರದೆ ಆಸ್ಪತ್ರೆಗೆ ಓಡಬೇಕು?

ಇದಕ್ಕೆ ಹಳೆಯ, ಇವತ್ತಿಗೂ ಬಳಕೆಯಲ್ಲಿರುವ ಅಳತೆಯಿದೆ. 1955ರಲ್ಲಿ ಟ್ರೂಲವ್ ಮತ್ತು ವಿಟ್ಸ್ ಎಂಬ ಇಬ್ಬರು ವೈದ್ಯರು ಕೊಲೈಟಿಸ್ ರೋಗಿಗಳಿಗಾಗಿ ಕೊಟ್ಟಿದ್ದು. ದಿನಕ್ಕೆ 6 ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತ ಬೆರೆತ ಭೇದಿ ಆಗುತ್ತಿರಬೇಕು. ಜೊತೆಗೆ ಈ ನಾಲ್ಕರಲ್ಲಿ ಒಂದಾದರೂ ಇರಬೇಕು: 37.8 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ನಿಮಿಷಕ್ಕೆ 90 ದಾಟಿದ ನಾಡಿ, 10.5ಕ್ಕಿಂತ ಕೆಳಗಿನ ಹಿಮೋಗ್ಲೋಬಿನ್, 30 ದಾಟಿದ ಇಎಸ್‌ಆರ್ (ಉರಿಯೂತ ತಿಳಿಸುವ ರಕ್ತ ಪರೀಕ್ಷೆ). ಹಾಗಿದ್ದರೆ ಅದು ತೀವ್ರ ಕೊಲೈಟಿಸ್, ಆಸ್ಪತ್ರೆಗೆ ಸೇರಲೇಬೇಕು. ಜ್ವರ, ನಾಡಿ ಎರಡನ್ನೂ ಮನೆಯಲ್ಲೇ ನೋಡಬಹುದಲ್ವಾ? ನೋಡಿಕೊಳ್ಳಿ.

ಹೊಟ್ಟೆ ಕಲ್ಲಿನಂತೆ ಬಿಗಿಯಾದರೂ, ತಲೆ ತಿರುಗಿ ಬೀಳುವಂತಾದರೂ, ರಕ್ತದ ಗಡ್ಡೆಗಳೇ ಬರುತ್ತಿದ್ದರೂ, ಮೂತ್ರ ತೀರಾ ಕಡಿಮೆಯಾದರೂ ಕಾಯಬೇಡಿ. ರಾತ್ರಿಯಾದರೆ 108ಕ್ಕೆ ಫೋನ್ ಮಾಡಿ. ‘ಬೆಳಗ್ಗೆವರೆಗೂ ನೋಡೋಣ’ ಅನ್ನುವುದು ಮನೆಯವರ ಪ್ರೀತಿಯ ಮಾತೇ ಇರಬಹುದು, ಈ ಒಂದು ವಿಷಯದಲ್ಲಿ ಕೇಳಬೇಡಿ. ಸ್ಟೆರಾಯ್ಡ್ ಅಥವಾ ಅಜಾಥಯೋಪ್ರಿನ್‌ನಂಥ, ದೇಹದ ರಕ್ಷಣಾ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಜ್ವರ ಬಂದರೆ ಹೊಟ್ಟೆ ಹೇಗಿದ್ದರೂ ಅದೇ ದಿನ ತೋರಿಸಬೇಕು.

ಆಸ್ಪತ್ರೇಲಿ ರಕ್ತ ತೆಳು ಮಾಡೋ ಇಂಜೆಕ್ಷನ್ ಕೊಡ್ತಿದ್ದಾರೆ. ಮೊದಲೇ ರಕ್ತ ಹೋಗ್ತಿದೆಯಲ್ಲ, ತಪ್ಪಾಗಿ ಕೊಟ್ರಾ?

ತಪ್ಪಾಗಿ ಕೊಟ್ಟಿಲ್ಲ. ಗಾಬರಿಯಾಗುವುದು ಸಹಜ. ಕರುಳಿನ ಉರಿಯೂತ ಜೋರಾದಾಗ ಕಾಲಿನ ರಕ್ತನಾಳದಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಮಲಗಿಯೇ ಇರುವುದು, ದೇಹದಲ್ಲಿ ನೀರು ಕಡಿಮೆಯಾಗುವುದು ಅದನ್ನು ಇನ್ನೂ ಹೆಚ್ಚಿಸುತ್ತವೆ. ಅದಕ್ಕೇ ಹೆಪಾರಿನ್ ಇಂಜೆಕ್ಷನ್. ಮನೆಯಲ್ಲಿದ್ದಾಗಲೂ ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಕ್ಷಣ ಹೋಗಿ.

ನಿನ್ನೆ ಹೊರಗಡೆ ಪಾನಿಪೂರಿ ತಿಂದೆ. ಇದು ಫ್ಲೇರಾ, ಫುಡ್ ಪಾಯ್ಸನ್ನಾ?

ಲಕ್ಷಣ ನೋಡಿ ಹೇಳುವುದು ಡಾಕ್ಟರಿಗೂ ಕಷ್ಟ. ಸೋಂಕು ಸಾಮಾನ್ಯವಾಗಿ ಥಟ್ಟನೆ ಶುರುವಾಗುತ್ತದೆ. ವಾಂತಿ ಇರುತ್ತದೆ, ಜೊತೆಯಲ್ಲಿ ತಿಂದವರಿಗೂ ಆಗಿರುತ್ತದೆ, ಕೆಲವೇ ದಿನದಲ್ಲಿ ಇಳಿಯುತ್ತದೆ. ಫ್ಲೇರ್ ಹೆಚ್ಚಾಗಿ ನಿಧಾನವಾಗಿ ಏರುತ್ತದೆ, ಬಿಡುವುದಿಲ್ಲ. ಆದರೆ ಸೋಂಕೇ ಕಾಯಿಲೆಯನ್ನು ಕೆರಳಿಸಬಹುದು, ಆಗ ಎರಡೂ ಒಟ್ಟಿಗೆ ಇರುತ್ತವೆ.

ಹಾಗಾಗಿ ಸ್ಟೆರಾಯ್ಡ್ ಶುರು ಮಾಡುವ ಮುಂಚೆ ಮಲ ಪರೀಕ್ಷೆ ಮಾಡಿಸಬೇಕು. ಅಮೀಬಾ, ಬ್ಯಾಕ್ಟೀರಿಯಾ, ಅದರಲ್ಲೂ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬುದನ್ನು ಹುಡುಕುತ್ತಾರೆ. ಈ ಕೊನೆಯದು ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಬರುವುದು ಜಾಸ್ತಿ. ಇತ್ತೀಚೆಗೆ ಹಲ್ಲಿಗೋ ಗಂಟಲಿಗೋ ಆಂಟಿಬಯಾಟಿಕ್ ನುಂಗಿದ್ದರೆ ಮರೆಯದೆ ಹೇಳಿ.

ನೀರಿನ ಬಗ್ಗೆಯೂ ಎಚ್ಚರ ಬೇಕು. ಬೇಸಿಗೆಯಲ್ಲಿ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಕಾವೇರಿ ನೀರು, ಬೋರ್‌ವೆಲ್, ಟ್ಯಾಂಕರ್ ಎಲ್ಲ ಒಂದೇ ಸಂಪ್ ಟ್ಯಾಂಕಿಗೆ ಬೀಳುತ್ತದೆ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ.

ಮೀಟಿಂಗ್ ಇದೆ, ಭೇದಿ ನಿಲ್ಲೋ ಮಾತ್ರೆ ಒಂದು ನುಂಗಲಾ? ನೋವಿಗೆ?

ಭೇದಿ ನಿಲ್ಲಿಸುವ ಲೋಪೆರಮೈಡ್ ಕರುಳಿನ ಚಲನೆಯನ್ನೇ ನಿಧಾನಿಸುತ್ತದೆ. ತೀವ್ರವಾಗಿ ಕೆರಳಿದ ಕೊಲೈಟಿಸ್‌ನಲ್ಲಿ ಹಾಗೆ ಮಾಡಿದರೆ ದೊಡ್ಡ ಕರುಳು ಬಲೂನಿನಂತೆ ಹಿಗ್ಗಿ ಪ್ರಾಣಕ್ಕೆ ಅಪಾಯವಾಗಬಹುದು. ರಕ್ತ, ಜ್ವರ, ಹೊಟ್ಟೆ ಉಬ್ಬರ ಇದ್ದಾಗ ಮುಟ್ಟಲೇಬೇಡಿ. ಕಾಯಿಲೆ ತಣ್ಣಗಿರುವಾಗ ಕೆಲವರಿಗೆ ಡಾಕ್ಟರೇ ಕೊಡುತ್ತಾರೆ, ಅದು ಬೇರೆ.

ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಇವು ಕಾಯಿಲೆಯನ್ನು ಕೆರಳಿಸಬಲ್ಲವು. ಮಂಡಿನೋವಿಗೆ, ಮುಟ್ಟಿನ ನೋವಿಗೆ ಅಂಗಡಿಯವರು ಕೊಡುವ ಮಾತ್ರೆಗಳಲ್ಲಿ ಬಹಳಷ್ಟು ಇವೇ ಇರುತ್ತವೆ, ಸ್ಟ್ರಿಪ್ ತಿರುಗಿಸಿ ಹೆಸರು ಓದಿ. ಪ್ಯಾರಾಸಿಟಮಾಲ್ ಇದಕ್ಕಿಂತ ಸುರಕ್ಷಿತ.

ಏನು ತಿನ್ನಬೇಕು? ಮುದ್ದೆ ಬಿಡಬೇಕಾ? ಖಾರ ತಿಂದಿದ್ದಕ್ಕೇ ಬಂತು ಅಂತ ಅಮ್ಮ ಬೈತಾರೆ.

ಮೊದಲು ಅಮ್ಮನಿಗೆ ಹೇಳಿ: ಖಾರ ತಿಂದಿದ್ದಕ್ಕೆ ಈ ಕಾಯಿಲೆ ಬರುವುದಿಲ್ಲ. ಹುಣ್ಣಾದ ಕರುಳಿಗೆ ಖಾರ ಉರಿ, ಅವಸರ ಹೆಚ್ಚಿಸಬಹುದು, ಅಷ್ಟೇ. ಕಾಯಿಲೆ ಬಂದವರ ಮೇಲೇ ತಪ್ಪು ಹೊರಿಸುವುದನ್ನು ನೋಡಿದರೆ ನನಗೆ ಬಹಳ ಸಂಕಟವಾಗುತ್ತದೆ.

ಎಲ್ಲರಿಗೂ ಹೊಂದುವ ಒಂದೇ ಪಥ್ಯ ಅಂತ ಇಲ್ಲ. ಕೆರಳಿರುವಾಗ ಮೆತ್ತಗಿರುವ, ನಾರು ಕಡಿಮೆಯಿರುವ ಊಟ ಹಿತ. ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆಯ ತಿಳಿ ಸಾರು, ಇಡ್ಲಿ, ಸಿಪ್ಪೆ ತೆಗೆದು ಬೇಯಿಸಿದ ಕ್ಯಾರೆಟ್, ಸೋರೆಕಾಯಿ, ಮಾಗಿದ ಬಾಳೆಹಣ್ಣು. ಕೋಸಂಬರಿ, ಮೊಳಕೆಕಾಳು, ಹಸಿ ತರಕಾರಿ, ಸೊಪ್ಪಿನ ದಂಟು, ಸೀಬೆಕಾಯಿ ಬೀಜ, ಉಪ್ಪಿನಕಾಯಿ, ಕರಿದದ್ದು ಸ್ವಲ್ಪ ದಿನ ದೂರ.

ರಾಗಿ ಒಳ್ಳೆಯದೇ, ಕ್ಯಾಲ್ಸಿಯಂ ಅದರಲ್ಲಿ ಬಹಳ ಇದೆ. ಆದರೆ ನಾರೂ ಇದೆ. ಕೆರಳಿರುವಾಗ ಮುದ್ದೆಯ ಬದಲು ನಯವಾಗಿ ಸೋಸಿದ ಹಿಟ್ಟಿನ ರಾಗಿ ಸರಿ ಮಾಡಿ ಕುಡಿಯಬಹುದು. ತಣ್ಣಗಾದ ಮೇಲೆ ಮುದ್ದೆಗೆ ನಿಧಾನವಾಗಿ ಮರಳಿ. ಕರುಳು ಕಿರಿದಾಗಿದೆ ಅಂತ ಸ್ಕ್ಯಾನ್‌ನಲ್ಲಿ ಬಂದವರು ಮಾತ್ರ ನಾರಿನ ಪದಾರ್ಥಗಳನ್ನು ಕೇಳದೆ ಶುರು ಮಾಡಬಾರದು.

ನಮ್ಮ ಮನೆಗಳಲ್ಲಿ ನಾನು ಕಾಣುವ ದೊಡ್ಡ ತೊಂದರೆ ಎಂದರೆ ಬರೀ ಗಂಜಿಯಲ್ಲಿ ವಾರಗಟ್ಟಲೆ ಇಡುವುದು. ಈ ಸಮಯದಲ್ಲಿ ದೇಹಕ್ಕೆ ಪ್ರೋಟೀನ್ ಎಂದಿಗಿಂತ ಹೆಚ್ಚು ಬೇಕು. ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ. ಅರವತ್ತು ಕಿಲೋ ಇರುವವರಿಗೆ 72ರಿಂದ 90 ಗ್ರಾಂ ಆಯಿತು. ಗಂಜಿಯಲ್ಲಿ ಅದು ಸಿಗುವುದಿಲ್ಲ. ಮೊಟ್ಟೆ, ಮೀನು, ಮೆತ್ತಗೆ ಬೇಯಿಸಿದ ಚಿಕನ್, ಪನೀರ್, ಬೇಳೆ, ಒಗ್ಗಿದರೆ ಮೊಸರು, ಯಾವುದು ನಿಮ್ಮ ಮನೆಯಲ್ಲಿ ನಡೆಯುತ್ತದೋ ಅದು ಇರಲಿ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನಿ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳನ್ನು ಕೆರಳಿರುವಾಗ ಬಿಡುವುದೇ ಸರಿ.

ಹಾಲು, ಕಾಫಿ?

ಕೆರಳಿರುವಾಗ ಕೆಲವರಿಗೆ ಹಾಲು ಅರಗುವುದಿಲ್ಲ, ಗ್ಯಾಸ್ ಮತ್ತು ಭೇದಿ ಹೆಚ್ಚುತ್ತದೆ. ಅಂಥವರು ನಿಲ್ಲಿಸಿ ನೋಡಿ, ಮೊಸರು ಹೆಚ್ಚಾಗಿ ಒಗ್ಗುತ್ತದೆ. ಹಾಲು ಆಗಿಬರುವವರು ಸುಮ್ನೆ ಹೆದರಿ ಬಿಡಬೇಕಿಲ್ಲ. ಕಾಫಿ ದೊಡ್ಡ ಕರುಳನ್ನು ಚುರುಕು ಮಾಡುತ್ತದೆ, ಬೆಳಗ್ಗಿನ ಸ್ಟ್ರಾಂಗ್ ಫಿಲ್ಟರ್ ಕಾಫಿಗೆ ಸ್ವಲ್ಪ ದಿನ ವಿರಾಮ ಕೊಡಿ.

ಎಳನೀರು ಕುಡಿದ್ರೆ ಸಾಕಲ್ವಾ, ಓಆರ್‌ಎಸ್ ಯಾಕೆ?

ಎಳನೀರಿನಲ್ಲಿ ಪೊಟ್ಯಾಶಿಯಂ ಚೆನ್ನಾಗಿದೆ, ಸೋಡಿಯಂ ಕಡಿಮೆ. ಭೇದಿಯಲ್ಲಿ ಹೋಗುವುದು ಸೋಡಿಯಂ ಕೂಡ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಹಾಕಿ ಕಲಸಿ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಅಂತ ಅಂದಾಜಿನಲ್ಲಿ ಮಾಡಬೇಡಿ. ಪುಡಿ ಇಲ್ಲದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹಣ್ಣಿನ ರುಚಿಯ ಸಿಹಿ ಪ್ಯಾಕೆಟ್ ಪಾನೀಯಗಳಲ್ಲಿ ಸಕ್ಕರೆ ಜಾಸ್ತಿ, ಅದರಿಂದ ಭೇದಿಯೂ ಜಾಸ್ತಿಯಾಗಬಹುದು.

ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡ್ರೆ ಏನು ಗತಿ? ಮನೆಯಿಂದ ಹೊರಡೋಕೇ ಭಯ.

ಈ ಭಯವನ್ನು ಸಣ್ಣದು ಅಂತ ಯಾರೂ ತಳ್ಳಿಹಾಕಬಾರದು. ಕೆಲಸ ಬಿಟ್ಟವರಿದ್ದಾರೆ, ಹೊರಡುವ ದಿನ ಊಟವನ್ನೇ ಬಿಡುವವರಿದ್ದಾರೆ. ಊಟ ಬಿಡುವುದು ಪರಿಹಾರವಲ್ಲ, ನಿಶ್ಶಕ್ತಿಯಾಗುತ್ತದೆ.

ಕೆರಳಿರುವ ದಿನಗಳಲ್ಲಿ ಆದಷ್ಟೂ ಬಸ್ಸು, ಕಾರಿಗಿಂತ ಮೆಟ್ರೋ ಆರಿಸಿ. ಎಷ್ಟು ಹೊತ್ತಿಗೆ ತಲುಪುತ್ತೀರಿ ಅನ್ನುವುದು ಗೊತ್ತಿರುತ್ತದೆ, ಮುಂದಿನ ನಿಲ್ದಾಣದಲ್ಲಿ ಇಳಿಯಬಹುದು. ಶೌಚಾಲಯ ಎಲ್ಲಿದೆ ಎಂದು ನಿಲ್ದಾಣದ ಸಿಬ್ಬಂದಿಯನ್ನು ಕೇಳಿ. ರಸ್ತೆಯಲ್ಲಿ ಹೋಗಲೇಬೇಕಾದರೆ ದಾರಿಯ ಪೆಟ್ರೋಲ್ ಬಂಕು, ಮಾಲು, ದೊಡ್ಡ ಆಸ್ಪತ್ರೆಗಳನ್ನು ಮೊದಲೇ ಗುರುತು ಮಾಡಿಕೊಳ್ಳಿ. ನಿಂತು ತಿನ್ನುವ ದರ್ಶಿನಿಗಳನ್ನು ನೆಚ್ಚಬೇಡಿ, ಬಹಳಷ್ಟರಲ್ಲಿ ಕೈ ತೊಳೆಯುವ ಜಾಗ ಮಾತ್ರ ಇರುತ್ತದೆ. ಬ್ಯಾಗಿನಲ್ಲಿ ಒಂದು ಜೊತೆ ಒಳಉಡುಪು, ಟಿಶ್ಯೂ, ಕವರ್, ಒಂದು ಪ್ಯಾಡ್ ಇಟ್ಟುಕೊಳ್ಳಿ. ಪ್ಯಾಡ್ ಗಂಡಸರಿಗೂ ಆಗುತ್ತದೆ.

ಆಫೀಸಿನಲ್ಲಿ ಎಲ್ಲರಿಗೂ ಹೇಳಬೇಕಿಲ್ಲ. ಮೇಲಿನವರೊಬ್ಬರಿಗೆ ‘ಕರುಳಿನ ದೀರ್ಘಕಾಲದ ಕಾಯಿಲೆ ಇದೆ, ಕೆಲವು ವಾರ ಮನೆಯಿಂದ ಕೆಲಸ ಮಾಡಬೇಕಾಗುತ್ತದೆ’ ಎಂದು ಡಾಕ್ಟರ ಚೀಟಿಯ ಜೊತೆ ತಿಳಿಸಿದರೆ ಸಾಕು.

## ಪರೀಕ್ಷೆ, ಔಷಧಿ

ಪ್ರತಿ ಸಲ ಕೊಲೊನೋಸ್ಕೋಪಿ ಮಾಡಿಸ್ಲೇಬೇಕಾ?

ಬೇಕಿಲ್ಲ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬುದನ್ನು ಅಳೆಯುವ ಪರೀಕ್ಷೆ ಇದೆ. ಉರಿಯೂತವಿರುವ ಕಡೆ ಬಂದು ಸೇರುವ ಬಿಳಿ ರಕ್ತಕಣಗಳಿಂದ ಬರುವ ಪ್ರೋಟೀನ್ ಅದು. ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯ. 250 ದಾಟಿದರೆ ಕಾಯಿಲೆ ಕೆರಳಿರುವ ಸಾಧ್ಯತೆ ಹೆಚ್ಚು. ನಡುವೆ ಬಂದರೆ ಸ್ವಲ್ಪ ದಿನ ಬಿಟ್ಟು ಮತ್ತೆ ಮಾಡಿಸುತ್ತಾರೆ. ಸೋಂಕಿನಿಂದಲೂ ನೋವಿನ ಮಾತ್ರೆಗಳಿಂದಲೂ ಇದು ಏರಬಹುದು. ಒಂದು ಅಂಕಿ ನೋಡಿ ಹೆದರುವುದಕ್ಕಿಂತ ಒಂದೇ ಲ್ಯಾಬಿನಲ್ಲಿ ಮಾಡಿಸುತ್ತಾ ಹೋಗಿ ಏರಿಳಿತ ನೋಡುವುದು ಒಳ್ಳೆಯದು. ಜೊತೆಗೆ ರಕ್ತದಲ್ಲಿ ಸಿಆರ್‌ಪಿ (ಉರಿಯೂತದ ಗುರುತು), ಹಿಮೋಗ್ಲೋಬಿನ್, ಆಲ್ಬುಮಿನ್ (ಒಂದು ಪ್ರೋಟೀನ್) ನೋಡುತ್ತಾರೆ.

ಎನಿಮಾ ಹಾಕ್ಕೊಳ್ಳೋಕೆ ಹೇಳಿದ್ದಾರೆ. ಅಸಹ್ಯ ಆಗುತ್ತೆ. ಮಾತ್ರೆನೇ ಜಾಸ್ತಿ ತಗೊಂಡ್ರೆ ಆಗಲ್ವಾ?

ಬಾಯಿಂದ ನುಂಗಿದ ಮೆಸಲಮೈನ್ (ಕರುಳಿನ ಉರಿಯೂತ ಇಳಿಸುವ ಔಷಧಿ) ಕೊನೆಯ ಭಾಗಕ್ಕೆ ಸಾಕಷ್ಟು ತಲುಪದೇ ಹೋಗಬಹುದು. ಅವಸರ, ಲೋಳೆ, ರಕ್ತ ಹೆಚ್ಚಾಗಿ ಬರುವುದು ಅಲ್ಲಿಂದಲೇ. ಕೆಳಗಿನಿಂದ ಹಾಕಿದ ಔಷಧಿ ನೇರ ಹುಣ್ಣಿನ ಮೇಲೆ ಬೀಳುತ್ತದೆ. ಮಾತ್ರೆ ಮತ್ತು ಎನಿಮಾ ಎರಡೂ ಸೇರಿದಾಗ ಬರೀ ಮಾತ್ರೆಗಿಂತ ಚೆನ್ನಾಗಿ ಕೆಲಸವಾಗುತ್ತದೆ.

ರಾತ್ರಿ ಮಲಗುವ ಮುಂಚೆ, ಶೌಚಕ್ಕೆ ಹೋಗಿ ಬಂದು, ಎಡಮಗ್ಗುಲಿಗೆ ಮಲಗಿ ಬಲಗಾಲು ಮಡಚಿಕೊಳ್ಳಿ. ಬಾಟಲಿಯನ್ನು ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ತುದಿಗೆ ಸ್ವಲ್ಪ ಜೆಲ್ ಸವರಿ, ನಿಧಾನವಾಗಿ ಒತ್ತಿ. ಹಾಸಿಗೆ ಮೇಲೆ ಹಳೇ ಟವೆಲ್ ಹಾಸಿ. ಮೊದಲ ಕೆಲವು ರಾತ್ರಿ ಒಳಗೆ ನಿಲ್ಲದೆ ಹೊರಗೆ ಬರಬಹುದು. ಊತ ಇಳಿದ ಹಾಗೆ ನಿಲ್ಲುತ್ತದೆ. ನಿಲ್ಲಲೇ ಇಲ್ಲವೆಂದರೆ ಗುದದ್ವಾರದಲ್ಲಿ ಇಡುವ ಮಾತ್ರೆಯಾದ ಸಪೋಸಿಟರಿ ಅಥವಾ ನೊರೆಯ ರೂಪದ್ದು ಕೇಳಿ.

ಮೆಸಲಮೈನ್ ಶುರು ಮಾಡಿದ ಮೇಲೇ ಭೇದಿ ಜಾಸ್ತಿ ಆಯ್ತು!

ಕೆಲವೇ ಜನರಿಗೆ ಆ ಮಾತ್ರೆಯೇ ಒಗ್ಗುವುದಿಲ್ಲ. ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಭೇದಿ, ರಕ್ತ, ಜ್ವರ ಹೆಚ್ಚಾಗುತ್ತದೆ. ಫ್ಲೇರ್ ಅಂದುಕೊಂಡು ಡೋಸ್ ಏರಿಸಿದರೆ ಇನ್ನೂ ಕೆಡುತ್ತದೆ. ಯಾವ ದಿನ ಶುರು ಮಾಡಿದಿರಿ, ಯಾವ ದಿನ ಹೆಚ್ಚಾಯಿತು ಅನ್ನುವುದನ್ನು ತಾರೀಖಿನ ಸಮೇತ ಹೇಳಿ.

ಸ್ಟೆರಾಯ್ಡ್ ತಗೊಂಡ ವಾರಕ್ಕೇ ಆರಾಮ. ಹಾಗೇ ಮುಂದುವರಿಸ್ಲಾ, ಇಲ್ಲಾ ನಿಲ್ಲಿಸಿಬಿಡ್ಲಾ?

ಎರಡೂ ಬೇಡ. ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂನಿಂದ ಶುರುವಾಗಿ, ಆಮೇಲೆ ವಾರಕ್ಕೆ 5 ಮಿಲಿಗ್ರಾಂನಂತೆ ಇಳಿಯುತ್ತದೆ. ಥಟ್ಟನೆ ನಿಲ್ಲಿಸಿದರೆ ದೇಹ ತನ್ನ ಸ್ಟೆರಾಯ್ಡ್ ತಾನೇ ಮಾಡಿಕೊಳ್ಳಲಾಗದೆ ಬಿಪಿ ಬಿದ್ದು ಕುಸಿಯಬಹುದು. ಮುಂದುವರಿಸಿದರೆ ಮೂಳೆ ಸವೆತ, ಸಕ್ಕರೆ ಏರುವುದು, ಕಣ್ಣಿನ ಪೊರೆ, ಮುಖ ಊದುವುದು. ಬೆಳಗ್ಗೆ ತಿಂಡಿಯ ನಂತರ ನುಂಗಿ, ರಾತ್ರಿ ತೆಗೆದುಕೊಂಡರೆ ನಿದ್ದೆ ಹತ್ತುವುದಿಲ್ಲ. ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗಿರಲಿ.

ಹಳೇ ಚೀಟಿ ತೋರಿಸಿ ಅಂಗಡಿಯಿಂದ ತಾವೇ ಕೊಂಡು ವರ್ಷಗಟ್ಟಲೆ ನುಂಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಇಳಿಸಿದ ಕೂಡಲೇ ಮತ್ತೆ ಕೆರಳುತ್ತಿದೆ ಎಂದರೆ ಮುಂದಿನ ಹಂತದ ಔಷಧಿ ಬೇಕು ಎಂದರ್ಥ: ಅಜಾಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್, ಟೊಫಾಸಿಟಿನಿಬ್ ಹೀಗೆ. ಅಜಾಥಯೋಪ್ರಿನ್ ಪೂರ್ತಿ ಕೆಲಸ ತೋರಿಸಲು 2-3 ತಿಂಗಳು ಬೇಕು, ಆ ಅವಧಿಯಲ್ಲಿ ರಕ್ತ ಪರೀಕ್ಷೆ ತಪ್ಪಿಸಬಾರದು.

ಒಬ್ಬ ಡಾಕ್ಟರು ಕ್ರೋನ್ಸ್ ಅಂದ್ರು, ಇನ್ನೊಬ್ಬರು ಕರುಳಿನ ಟಿಬಿ ಅಂದ್ರು. ಯಾರಿಗೂ ಗೊತ್ತಿಲ್ವಾ?

ನಮ್ಮ ದೇಶದಲ್ಲಿ ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಕರುಳಿನ ಕ್ಷಯವೂ ಕ್ರೋನ್ಸೂ ಹೆಚ್ಚಾಗಿ ಒಂದೇ ಜಾಗಕ್ಕೆ ಬರುತ್ತವೆ, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಡೆ. ನೋವು, ಜ್ವರ, ತೂಕ ಇಳಿಕೆ ಎಲ್ಲ ಒಂದೇ ತರಹ. ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲೂ ಎಷ್ಟೋ ಸಲ ಖಚಿತವಾಗುವುದಿಲ್ಲ. ಟಿಬಿ ಇದ್ದವರಿಗೆ ಸ್ಟೆರಾಯ್ಡ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟರೆ ಟಿಬಿ ಮೈಯೆಲ್ಲ ಹರಡಬಹುದು. ಹಾಗಾಗಿ ಅನುಮಾನವಿದ್ದಾಗ ಮೊದಲು ಟಿಬಿ ಔಷಧಿ ಕೊಟ್ಟು, ಎರಡು ಮೂರು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಗಿದೆಯಾ ನೋಡುತ್ತಾರೆ. ಆ ಎರಡನೇ ಕೊಲೊನೋಸ್ಕೋಪಿಯನ್ನು ‘ಈಗ ಆರಾಮಿದ್ದೀನಲ್ಲ’ ಎಂದು ತಪ್ಪಿಸಬೇಡಿ. ಹೊಟ್ಟೆಗೆ ಆರಾಮೆನಿಸಿದರೂ ಹುಣ್ಣು ಹಾಗೇ ಇರಬಹುದು.

ಕಷಾಯ, ಅಮೃತಬಳ್ಳಿ, ಅರಿಶಿನ ತಗೋಬಹುದಾ?

ಅಡುಗೆಯ ಅರಿಶಿನಕ್ಕೆ ಅಡ್ಡಿಯಿಲ್ಲ. ಅರಿಶಿನದ ಸಾರವಾದ ಕರ್ಕ್ಯುಮಿನ್ ಅನ್ನು ಕೊಲೈಟಿಸ್‌ನಲ್ಲಿ ಮೆಸಲಮೈನ್ ಜೊತೆಗೆ ಕೊಟ್ಟು ಪ್ರಯೋಗಗಳಾಗಿವೆ, ಕೆಲವದರಲ್ಲಿ ಪ್ರಯೋಜನ ಕಂಡಿದೆ. ಅದರ ಬದಲಿಗೆ ಅಲ್ಲ, ಅದರ ಜೊತೆಗೆ. ಅಮೃತಬಳ್ಳಿ ಬೇಡ. ಕೋವಿಡ್ ಸಮಯದಲ್ಲಿ ಅದನ್ನು ಬಳಸಿದವರಲ್ಲಿ ಲಿವರ್‌ಗೆ ಪೆಟ್ಟಾದದ್ದನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಏನು ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಹೇಳಿ, ಬೈಯುತ್ತಾರೆ ಅಂತ ಬಚ್ಚಿಡಬೇಡಿ.

## ಇನ್ನೂ ಆಳದ ಪ್ರಶ್ನೆಗಳು

ರಿಪೋರ್ಟೆಲ್ಲ ನಾರ್ಮಲ್. ಆದ್ರೂ ದಿನಕ್ಕೆ ನಾಲ್ಕೈದು ಸಲ ಹೋಗ್ತೀನಿ. ನನ್ನ ಮಾತು ಯಾರೂ ನಂಬಲ್ಲ.

ನಾನು ನಂಬುತ್ತೇನೆ. ಉರಿಯೂತ ಇಳಿದ ಮೇಲೂ ಲಕ್ಷಣ ಉಳಿಯುವುದಕ್ಕೆ ಬೇರೆ ಕಾರಣಗಳಿವೆ, ಅವುಗಳಿಗೆ ಮದ್ದೂ ಇದೆ. ಸಣ್ಣ ಕರುಳಿನ ತುದಿ ಕೆಟ್ಟಿದ್ದರೆ ಅಥವಾ ಕತ್ತರಿಸಿ ತೆಗೆದಿದ್ದರೆ ಪಿತ್ತರಸ ಹೀರಿಕೆಯಾಗದೆ ದೊಡ್ಡ ಕರುಳಿಗೆ ಇಳಿದು ನೀರು ನೀರಾದ ಭೇದಿ ತರುತ್ತದೆ. ಅದಕ್ಕೆ ಕೊಲೆಸ್ಟಿರಮೈನ್ ಎಂಬ ಪುಡಿ ಕೊಡುತ್ತಾರೆ. ಅದೇ ತುದಿಯಲ್ಲಿ ವಿಟಮಿನ್ ಬಿ12 ಹೀರಿಕೆಯಾಗುವುದು, ಅದನ್ನೂ ಪರೀಕ್ಷಿಸಿ. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿರಬಹುದು. ಹಾಲು ಒಗ್ಗದಿರಬಹುದು. ಐಬಿಡಿ ತಣ್ಣಗಾದ ಮೇಲೆ ಐಬಿಎಸ್ ಲಕ್ಷಣ ಉಳಿಯುವುದೂ ಬಹಳ ಮಾಮೂಲು.

ಇಂಥ ಹೊತ್ತಲ್ಲಿ ಸ್ಟೆರಾಯ್ಡ್ ಮತ್ತೆ ಶುರು ಮಾಡುವುದರಿಂದ ಏನೂ ಸಿಗುವುದಿಲ್ಲ. ‘ಉರಿಯೂತ ಇಲ್ಲ ಅಂದರೆ ಇನ್ನೇನಿರಬಹುದು?’ ಎಂದು ನೇರವಾಗಿ ಕೇಳಿ.

ಹೊಟ್ಟೆ ಕೆಟ್ಟಾಗಲೆಲ್ಲ ಮಂಡಿ ಊದುತ್ತೆ, ಕಣ್ಣು ಕೆಂಪಾಗುತ್ತೆ. ಸಂಬಂಧ ಇದೆಯಾ?

ಇದೆ. ಮಂಡಿ, ಹಿಮ್ಮಡಿಗಂಟಿನ ಊತ, ಮೊಣಕಾಲಿನ ಕೆಳಗೆ ಮುಟ್ಟಿದರೆ ನೋಯುವ ಕೆಂಪು ಗಂಟು, ಬಾಯಿಹುಣ್ಣು ಹೆಚ್ಚಾಗಿ ಕರುಳಿನ ಜೊತೆಗೇ ಏರಿ ಇಳಿಯುತ್ತವೆ. ಕಣ್ಣಿನ ವಿಷಯ ಬೇರೆ. ಕೆಂಪಿನ ಜೊತೆ ನೋವಿದ್ದು, ಬೆಳಕು ನೋಡಲಾಗದೆ, ಮಂಜಾದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ, ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಯಾದರೂ ಸರಿ. ಕರುಳಿನ ಕಾಯಿಲೆ ಇದೆ ಅಂತ ಅಲ್ಲಿ ಹೇಳಿ. ತಡವಾದರೆ ದೃಷ್ಟಿಗೇ ಪೆಟ್ಟು.

ಕಬ್ಬಿಣದ ಮಾತ್ರೆ ನುಂಗಿದ್ರೆ ಹೊಟ್ಟೆ ಇನ್ನೂ ಕೆಡುತ್ತೆ. ಹಿಮೋಗ್ಲೋಬಿನ್ 8 ಇದೆ.

ಕೆರಳಿರುವ ಕರುಳು ಕಬ್ಬಿಣವನ್ನು ಸರಿಯಾಗಿ ಹೀರುವುದಿಲ್ಲ, ಉಳಿದದ್ದು ಹೊಟ್ಟೆ ಕೆಡಿಸುತ್ತದೆ, ಮಲವೂ ಕಪ್ಪಾಗುತ್ತದೆ. ಇಷ್ಟು ಕಡಿಮೆ ಇರುವಾಗ ರಕ್ತನಾಳದ ಮೂಲಕ ಕೊಡುವ ಕಬ್ಬಿಣ ಸೂಕ್ತ. ಆಸ್ಪತ್ರೆಯ ಡೇ ಕೇರ್‌ನಲ್ಲಿ ಕೊಟ್ಟು ಅದೇ ದಿನ ಕಳಿಸುತ್ತಾರೆ. ಕೇಳಿ ತೆಗೆದುಕೊಳ್ಳಿ.

ಮಗಳಿಗೆ ಮದುವೆ ಮಾತುಕತೆ ನಡೀತಿದೆ. ಮಕ್ಕಳಾಗುತ್ತಾ? ಹುಡುಗನ ಮನೆಯವರಿಗೆ ಹೇಳಬೇಕಾ?

ಮಕ್ಕಳಾಗುತ್ತವೆ. ಕಾಯಿಲೆ 3ರಿಂದ 6 ತಿಂಗಳು ತಣ್ಣಗಿದ್ದ ಮೇಲೆ ಬಸಿರಾದರೆ ಒಳ್ಳೆಯದು. ಬಸಿರಿನಲ್ಲಿ ಮೆಸಲಮೈನ್, ಅಜಾಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಸಾಮಾನ್ಯವಾಗಿ ಮುಂದುವರಿಯುತ್ತವೆ. ಮೆಥೊಟ್ರೆಕ್ಸೇಟ್ ಮತ್ತು ಟೊಫಾಸಿಟಿನಿಬ್ ಬಸಿರಿಗೆ ಮುಂಚೆಯೇ ನಿಲ್ಲಿಸಬೇಕು. ಮಗುವಿಗೆ ಕೆಟ್ಟದ್ದು ಅಂತ ತಾವೇ ಎಲ್ಲ ಮಾತ್ರೆ ಬಿಟ್ಟು ಬಸಿರಿನಲ್ಲಿ ಕೆರಳಿಸಿಕೊಂಡರೆ ಮಗುವಿಗೆ ಅಪಾಯ ಹೆಚ್ಚು. ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚೇ, ಆದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಗಂಡಸರಿಗೆ ಒಂದು ವಿಷಯ: ಇದೇ ಕಾಯಿಲೆಗೆ ಕೊಡುವ ಸಲ್ಫಾಸಲಜೀನ್ ಮಾತ್ರೆ ವೀರ್ಯಾಣುಗಳನ್ನು ಕಡಿಮೆ ಮಾಡುತ್ತದೆ, ನಿಲ್ಲಿಸಿದರೆ ಸರಿಹೋಗುತ್ತದೆ.

ಹೇಳಬೇಕಾ ಅಂದರೆ, ಹೇಳಿ. ಮಗಳೇ ಹುಡುಗನಿಗೆ ನೇರವಾಗಿ ಹೇಳಲಿ, ಬೇಕಾದರೆ ಅವನನ್ನೂ ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ. ಮದುವೆಯಾದ ಮೇಲೆ ಬಾತ್‌ರೂಮಿನಲ್ಲಿ ಕದ್ದು ಮಾತ್ರೆ ನುಂಗುವ ಹೆಣ್ಣುಮಕ್ಕಳು ನನ್ನ ಹತ್ತಿರ ಅತ್ತಿದ್ದಾರೆ. ಆ ಕಷ್ಟ ಯಾರಿಗೂ ಬೇಡ.

ಎಷ್ಟೋ ವರ್ಷದಿಂದ ಆರಾಮಿದ್ದೀನಿ. ಮಾತ್ರೆ ನಿಲ್ಲಿಸಬಹುದಾ? ಮತ್ತೆ ಕೊಲೊನೋಸ್ಕೋಪಿ ಯಾಕೆ?

ಆರಾಮಿರುವುದು ಬಹುಪಾಲು ಆ ಮಾತ್ರೆಯಿಂದಲೇ. ಮೆಸಲಮೈನ್ ಸರಿಯಾಗಿ ತೆಗೆದುಕೊಳ್ಳದವರಿಗೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಖರ್ಚಿನ ಕಾರಣಕ್ಕೆ ಬಿಡುವ ಯೋಚನೆ ಬಂದರೆ ಅದನ್ನೇ ಡಾಕ್ಟರಿಗೆ ಹೇಳಿ, ಅಗ್ಗದ ಬ್ರಾಂಡ್ ಬರೆದುಕೊಡಬಹುದು. ಜನೌಷಧಿ ಅಂಗಡಿಯಲ್ಲೂ ವಿಚಾರಿಸಿ.

ಕೊಲೊನೋಸ್ಕೋಪಿ ಈಗ ಬೇರೆ ಕಾರಣಕ್ಕೆ. ದೊಡ್ಡ ಕರುಳಿನ ಹೆಚ್ಚಿನ ಭಾಗದಲ್ಲಿ ವರ್ಷಗಟ್ಟಲೆ ಉರಿಯೂತವಿದ್ದವರಿಗೆ ಕ್ಯಾನ್ಸರ್ ಅಪಾಯ ಸ್ವಲ್ಪ ಏರುತ್ತದೆ. ಲಕ್ಷಣ ಶುರುವಾಗಿ 8 ವರ್ಷಕ್ಕೆ ಒಮ್ಮೆ ನೋಡಿಸಿ, ಆಮೇಲೆ ನಿಮ್ಮ ಅಪಾಯಕ್ಕೆ ತಕ್ಕಂತೆ ವರ್ಷಕ್ಕೊಮ್ಮೆಯಿಂದ 5 ವರ್ಷಕ್ಕೊಮ್ಮೆವರೆಗೆ. ಜೊತೆಗೆ ಪಿತ್ತನಾಳದ ಉರಿಯೂತವಾದ ಪಿಎಸ್‌ಸಿ ಇದ್ದವರಿಗೆ ಗೊತ್ತಾದ ವರ್ಷದಿಂದಲೇ ಪ್ರತಿ ವರ್ಷ. ಕೊನೆಯ ಗೇಣಿನಲ್ಲಿ ಮಾತ್ರ ಕಾಯಿಲೆ ಇರುವವರಿಗೆ ಈ ವಿಶೇಷ ತಪಾಸಣೆ ಬೇಕಾಗುವುದಿಲ್ಲ. ನಿಮ್ಮದು ಎಲ್ಲಿಯವರೆಗೆ ಹಬ್ಬಿದೆ ಎಂದು ಹಳೇ ಕೊಲೊನೋಸ್ಕೋಪಿ ರಿಪೋರ್ಟಿನಲ್ಲಿ ಬರೆದಿರುತ್ತದೆ. ಅದರ ಒಂದು ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ, ಯಾವ ಆಸ್ಪತ್ರೆಗೆ ಹೋದರೂ ಮೊದಲು ಕೇಳುವುದು ಅದನ್ನೇ.